ಪದಚರ್ಚೆ: ಗಣಿ ಲೆಕ್ಕದಲ್ಲಿ ‘ನಿಕ್ಷೇಪ’, ‘ಮೀಸಲು’ – ಯಾವುದು ಯಾವುದಕ್ಕೆ?

ಬಳಗದ ಎಲ್ಲರಿಗೂ ಕೋಲಾರದಿಂದ ನಮಸ್ಕಾರ.

ದಕ್ಷಿಣ ಆಫ್ರಿಕಾದ ಪಲ್ಲಾಡಿಯಂ ಗಣಿಗಳು, ಆ ಲೋಹದ ಬೆಲೆ, ಅದರಲ್ಲಿ ಹಣ ಹೂಡುವವರ ಲಾಭನಷ್ಟ ಇವುಗಳ ಬಗ್ಗೆ ಕನ್ನಡದಲ್ಲಿ ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಲೋಹಗಳ ಹೆಸರು, ಯಂತ್ರಗಳ ಹೆಸರು ಯಾವುದೂ ತೊಡಕಾಗಲಿಲ್ಲ. ಇದ್ದ ಹಾಗೆಯೇ ನಮ್ಮ ಲಿಪಿಗೆ ಇಳಿಸಿದರೆ ನಡೆಯುತ್ತದೆ. ನನ್ನನ್ನು ತಡೆದು ನಿಲ್ಲಿಸಿರುವುದು ‘ನಿಕ್ಷೇಪ’.

ಗಣಿಯವರ ಲೆಕ್ಕಪುಸ್ತಕದಲ್ಲಿ ನೆಲದೊಳಗಿನ ಲೋಹಕ್ಕೆ ಎರಡು ಖಾನೆಗಳಿವೆ. ಕೊರೆದು, ಮಾದರಿ ತೆಗೆದು, ‘ಇಲ್ಲಿ ಸುಮಾರು ಇಷ್ಟಿದೆ, ಮುಂದೆಂದಾದರೂ ತೆಗೆಯಬಹುದು’ ಎಂದು ಅಂದಾಜಿಸಿದ್ದು ರಿಸೋರ್ಸ್. ಅದರೊಳಗೆ ಕೂಲಿ, ವಿದ್ಯುತ್ತು, ಪರವಾನಗಿ, ಮುಂದಿನ ವರ್ಷಗಳ ಬೆಲೆಯ ಅಂದಾಜು ಎಲ್ಲವನ್ನೂ ತೂಗಿ ನೋಡಿದ ಮೇಲೂ ‘ತೆಗೆದರೆ ಗಿಟ್ಟುತ್ತದೆ’ ಎನ್ನಿಸುವ ಪಾಲು ರಿಸರ್ವ್. ದಕ್ಷಿಣ ಆಫ್ರಿಕಾದಲ್ಲಿ ಸ್ಯಾಮ್‌ರೆಕ್ ಎಂಬ ಸಂಹಿತೆಯೇ ಇದೆ. ಕಂಪನಿಗಳು ಹೂಡಿಕೆದಾರರ ಮುಂದೆ ಈ ಎರಡನ್ನೂ ಬೇರೆಬೇರೆಯಾಗಿಯೇ ಇಡಬೇಕು. ಎರಡನ್ನೂ ಬೆರೆಸಿ ಹೇಳಿದರೆ ಷೇರು ಕೊಳ್ಳುವವನಿಗೆ ಮಣ್ಣನ್ನೇ ಲೋಹವೆಂದು ತೋರಿಸಿದಂತೆ.

ಆದರೆ ನಮ್ಮ ಪತ್ರಿಕೆಗಳಲ್ಲಿ ಎರಡಕ್ಕೂ ‘ನಿಕ್ಷೇಪ’ವೇ. 2023ರ ಫೆಬ್ರುವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ಇದೆ ಎಂಬ ಸುದ್ದಿ ಬಂತಲ್ಲ, ಅದನ್ನು ನೆನೆಯಿರಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಹೇಳಿದ್ದು ‘ಊಹಿತ’ ರಿಸೋರ್ಸ್ ಎಂದು. ಅಂದರೆ ಅಂದಾಜು ಎಷ್ಟು ಖಚಿತ ಎಂದು ಹೇಳುವ ಮೂರು ಹಂತಗಳಲ್ಲಿ ಅತ್ಯಂತ ಕೆಳಗಿನದು. ಓದುಗರ ತಲೆಗೆ ಹೋದದ್ದು ‘ನಿಕ್ಷೇಪ ಪತ್ತೆ’. ಮರುದಿನವೇ ಬಗೆದು ತೆಗೆಯುತ್ತಾರೇನೋ ಎಂಬ ಹುರುಪು. ಪಲ್ಲಾಡಿಯಂ ಮಟ್ಟಿಗೂ ನಮ್ಮ ಮನೆಯಂಗಳದಲ್ಲೇ ಉದಾಹರಣೆ ಇದೆ: ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಬಂಡೆಗಳಲ್ಲಿ ಪ್ಲಾಟಿನಂ ಗುಂಪಿನ (ಪಲ್ಲಾಡಿಯಂ ಸೇರುವುದೂ ಇದೇ ಗುಂಪಿಗೆ) ಲೋಹಗಳಿರುವುದನ್ನು ಇದೇ ಸಂಸ್ಥೆ ಗುರುತಿಸಿದೆ. ‘ಇದೆ’ ಎನ್ನುವುದಕ್ಕೂ ‘ತೆಗೆಯಬಹುದು’ ಎನ್ನುವುದಕ್ಕೂ ನಡುವಿನ ದೂರವನ್ನು ‘ನಿಕ್ಷೇಪ’ ಎಂಬ ಒಂದೇ ಪದ ನುಂಗಿಬಿಡುತ್ತದೆ.

ಬೆಲೆಯ ಮಾತು ಬಂದಾಗ ಈ ಕಷ್ಟ ಇನ್ನೂ ಹೆಚ್ಚುತ್ತದೆ. ಪಲ್ಲಾಡಿಯಂ ಹೆಚ್ಚಾಗಿ ಹೋಗುವುದು ಪೆಟ್ರೋಲ್ ಕಾರುಗಳ ಹೊಗೆ ಶುದ್ಧಿಗೆ ಅಳವಡಿಸುವ ಉಪಕರಣಕ್ಕೆ. ಗಣಿಯ ಉತ್ಪಾದನೆಯಲ್ಲಿ ರಷ್ಯಾ ಮತ್ತು ದಕ್ಷಿಣ ಆಫ್ರಿಕಾ ಎರಡರದೇ ಮೇಲುಗೈ. 2022ರ ಮಾರ್ಚ್‌ನಲ್ಲಿ, ಉಕ್ರೇನ್ ಯುದ್ಧ ಶುರುವಾದ ಹೊಸತರಲ್ಲಿ, ರಷ್ಯಾದ ಸರಕು ನಿಂತುಹೋದೀತೆಂಬ ಭಯಕ್ಕೆ ಬೆಲೆ ಔನ್ಸಿಗೆ 3,000 ಡಾಲರ್ ದಾಟಿತು. (ಈ ಔನ್ಸು 31.1 ಗ್ರಾಂ, ಅಡುಗೆಮನೆಯ 28 ಗ್ರಾಮಿನದಲ್ಲ.) 2024ರಲ್ಲಿ ಅದೇ ಲೋಹ 1,000 ಡಾಲರಿಗಿಂತ ಕೆಳಗೂ ಇಳಿಯಿತು. ದಕ್ಷಿಣ ಆಫ್ರಿಕಾದ ಗಣಿಗೆ ಖರ್ಚು ಅಲ್ಲಿನ ಹಣ ರ‍್ಯಾಂಡ್‌ನಲ್ಲಿ, ವರಮಾನ ಡಾಲರ್‌ನಲ್ಲಿ. ಹಾಗಾಗಿ ರ‍್ಯಾಂಡ್ ಕುಸಿದರೆ ಗಣಿಯವರಿಗೆ ಸ್ವಲ್ಪ ಉಸಿರು. ಆದರೂ ಆ ವರ್ಷ ಅಲ್ಲಿನ ದೊಡ್ಡ ಕಂಪನಿಗಳು ಸಾವಿರಾರು ಮಂದಿಯನ್ನು ಕೆಲಸದಿಂದ ತೆಗೆಯುವ ಮಾತಾಡಿದವು. ಇಂಥ ಇಳಿತ ಹಲವು ವರ್ಷ ಎಳೆದರೆ ಕಂಪನಿಗಳು ಬೆಲೆಯ ಅಂದಾಜನ್ನು ತಗ್ಗಿಸುತ್ತವೆ, ರಿಸರ್ವ್ ಖಾನೆ ಕುಗ್ಗುತ್ತದೆ. ಭೂಮಿಯೊಳಗಿನ ಒಂದು ಗ್ರಾಂ ಲೋಹವೂ ಕರಗಿರುವುದಿಲ್ಲ. ಇದನ್ನು ನಾನು ‘ನಿಕ್ಷೇಪ ಕಡಿಮೆಯಾಯಿತು’ ಎಂದು ಬರೆದರೆ ಓದುಗ ‘ಅಗೆದು ಮುಗಿಸಿದರು’ ಎಂದೇ ತಿಳಿಯುತ್ತಾನೆ.

ಕೋಲಾರದವರಿಗೆ ಇದನ್ನು ವಿವರಿಸಬೇಕಿಲ್ಲ. ಕೆಜಿಎಫ್ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ್ದು ಚಿನ್ನ ಪೂರ್ತಿ ಬರಿದಾಗಿ ಅಲ್ಲ. ಆಗ ಚಿನ್ನದ ಬೆಲೆ ಔನ್ಸಿಗೆ 300 ಡಾಲರಿಗೂ ಕಡಿಮೆ. ಮೂರು ಕಿಲೋಮೀಟರಿಗೂ ಆಳದಿಂದ ಕಲ್ಲು ಮೇಲೆತ್ತುವ ಖರ್ಚು ಅದಕ್ಕಿಂತ ಎಷ್ಟೋ ಹೆಚ್ಚು. ಈಗ ಬೆಲೆ ಹತ್ತು ಪಟ್ಟಿಗೂ ಮೀರಿದೆ, ಹಾಗಾಗಿಯೇ ಊರಿನ ಸುತ್ತ ಬಿದ್ದಿರುವ ಸೈನೈಡ್ ದಿಬ್ಬಗಳ (ಅದಿರಿನಿಂದ ಚಿನ್ನ ಬೇರ್ಪಡಿಸಿದ ಮೇಲೆ ಉಳಿದ ಪುಡಿಮಣ್ಣಿನ ರಾಶಿಗಳ) ಮೇಲೂ ಕಣ್ಣು ಬಿದ್ದಿದೆ. ಸುಮಾರು 1,003 ಎಕರೆಯಲ್ಲಿ ಹರಡಿರುವ 13 ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಗಾಳಿ ಬೀಸಿದಾಗ ಮೂಗು ಮುಚ್ಚಿಕೊಂಡು ಶಪಿಸುತ್ತಿದ್ದ ಮಣ್ಣು ಅದು.

ಸರಿ, ರಿಸರ್ವ್‌ಗೆ ‘ಮೀಸಲು’ ಎನ್ನೋಣವೆ? ಕೆಲವು ಪತ್ರಿಕೆಗಳು ಎನ್ನುತ್ತವೆ. ನನಗೆ ಒಗ್ಗುವುದಿಲ್ಲ. ದೇವರಿಗೆ ಮೀಸಲು, ಮೀಸಲು ಅರಣ್ಯ ಎಂದಾಗ ಮುಟ್ಟಬಾರದ್ದು, ಎತ್ತಿಟ್ಟದ್ದು ಎಂಬ ಅರ್ಥ. ಗಣಿಯ ರಿಸರ್ವ್ ಅದಕ್ಕೆ ತೀರ ವಿರುದ್ಧ. ಮೊದಲು ಅಗೆಯುವುದೇ ಅದನ್ನು. ಸಾಲದ್ದಕ್ಕೆ ರಿಸರ್ವ್ ಬ್ಯಾಂಕಿನ ‘ಚಿನ್ನದ ಮೀಸಲು’ ಓದುಗರ ಕಿವಿಯಲ್ಲಿದೆ. ಸೋವಿಯೆತ್ ಕಾಲದಿಂದ ರಷ್ಯಾ ಸರ್ಕಾರ ಉಗ್ರಾಣದಲ್ಲಿ ಕೂಡಿಟ್ಟು, ಎಷ್ಟಿದೆಯೆಂದು ಬಾಯಿಬಿಡದೆ ಮಾರುತ್ತ ಬಂದ ಪಲ್ಲಾಡಿಯಂಗೆ ಬೇಕಾದರೆ ‘ಮೀಸಲು’ ಸರಿಹೊಂದೀತು. ‘ಸಂಪನ್ಮೂಲ’ವಂತೂ ಮಾನವ ಸಂಪನ್ಮೂಲದವರ ಪಾಲಾಗಿ ಸವೆದುಹೋಗಿದೆ.

ಈಗ ನನ್ನ ಸೂಚನೆ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಬರುವ ಅಷ್ಟಭೋಗಗಳ ಪಟ್ಟಿ ಬಳಗದ ಅನೇಕರಿಗೆ ಬಾಯಿಪಾಠವಿರಬಹುದು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಊರೊಂದನ್ನು ದಾನ ಕೊಟ್ಟಾಗ ಅದರ ಮೇಲೆ, ಕೆಳಗೆ, ಈಗ, ಮುಂದೆ ದಕ್ಕುವ ಎಲ್ಲದರ ಹಕ್ಕೂ ಸೇರಿತು ಎಂಬ ಒಕ್ಕಣೆ. ‘ನಿಕ್ಷೇಪ’ ಅಲ್ಲಿ ಯಾರೋ ಹೂತಿಟ್ಟದ್ದು, ಇರಿಸಿದ್ದು. ಕೊನೆಯ ಜೋಡಿಯನ್ನು ನೋಡಿ: ಈಗಾಗಲೇ ಸಾಗುವಳಿಯಾಗಿ ಫಲ ಕೊಡುತ್ತಿರುವುದು ಸಿದ್ಧ, ಮುಂದೆ ದುಡಿದು ಪಡೆಯಬಹುದಾದದ್ದು ಸಾಧ್ಯ. ವಿದ್ವಾಂಸರು ಈ ಎಂಟಕ್ಕೂ ಸ್ವಲ್ಪ ಬೇರೆಬೇರೆ ಅರ್ಥ ಹೇಳುತ್ತಾರೆ, ಆದರೂ ಜೋಡಿಯ ತಿರುಳು ಇಷ್ಟೇ. ರಿಸರ್ವ್‌ಗೆ ‘ಸಿದ್ಧ ನಿಕ್ಷೇಪ’, ರಿಸೋರ್ಸ್‌ಗೆ ‘ಸಾಧ್ಯ ನಿಕ್ಷೇಪ’ ಎಂದರೆ ಹೇಗೆ? ‘ಬೆಲೆ ಏರಿದ್ದರಿಂದ ಸಾಧ್ಯ ನಿಕ್ಷೇಪದ ಒಂದು ಪಾಲು ಸಿದ್ಧ ನಿಕ್ಷೇಪವಾಯಿತು’ – ವಾಕ್ಯ ತಾನಾಗಿ ನಡೆಯುತ್ತದೆ, ವಿವರಣೆ ಬೇಡ.

ಆಕ್ಷೇಪಗಳೂ ನನಗೆ ಕಾಣುತ್ತಿವೆ. ಸಿದ್ಧ ಉಡುಪಿನ ಕಾಲದಲ್ಲಿ ‘ಸಿದ್ಧ’ ಎಂದರೆ ಕರಗಿಸಿ ಗಟ್ಟಿ ಮಾಡಿಟ್ಟ ಲೋಹ ಎಂದುಕೊಳ್ಳುವವರಿದ್ದಾರೆ. ಅದಕ್ಕಿಂತ ದೊಡ್ಡ ಇಕ್ಕಟ್ಟು ಒಳವಿಂಗಡಣೆಯದು. ರಿಸೋರ್ಸ್‌ನಲ್ಲಿ ಅಳೆದದ್ದು, ಸೂಚಿತ, ಊಹಿತ ಎಂದು ಮೂರು. ರಿಸರ್ವ್‌ನಲ್ಲಿ ಖಚಿತ, ಸಂಭಾವ್ಯ ಎಂದು ಎರಡು. ‘ಸಂಭಾವ್ಯ ಸಿದ್ಧ ನಿಕ್ಷೇಪ’ ಎಂಬುದನ್ನು ‘ಸಾಧ್ಯ ನಿಕ್ಷೇಪ’ದ ಪಕ್ಕದಲ್ಲಿ ಅಚ್ಚು ಹಾಕಿದರೆ ಪ್ರೂಫ್ ನೋಡುವವರೇ ತಡಬಡಾಯಿಸಿಯಾರು. ‘ಸಂಭಾವ್ಯ’ಕ್ಕೆ ಬದಲು ‘ಬಹುಮಟ್ಟಿಗೆ ಖಚಿತ’ ಎನ್ನಬಹುದೆ? ತುಸು ಉದ್ದವಾಯಿತು, ಆದರೆ ಸುಳ್ಳಲ್ಲ.

ಜೊತೆಗೆ ಎರಡು ಸಣ್ಣ ಪ್ರಶ್ನೆಗಳು. ದಕ್ಷಿಣ ಆಫ್ರಿಕಾದ ಬಂಡೆಯಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ, ಒಂದಿಷ್ಟು ಚಿನ್ನ ಎಲ್ಲವೂ ಒಟ್ಟಿಗೇ ಸಿಗುತ್ತವೆ. ಅವು ಸಿಗುವ ಪ್ರಮಾಣಕ್ಕೆ ತಕ್ಕಂತೆ ಬೆಲೆಗಳನ್ನು ಕೂಡಿಸಿ ಔನ್ಸಿಗೆ ಒಂದು ದರ ಹೇಳುತ್ತಾರೆ, ಅದು ಬಾಸ್ಕೆಟ್ ಬೆಲೆ. ‘ಬುಟ್ಟಿ ಬೆಲೆ’ ಎಂದರೆ ನಮ್ಮ ಎಪಿಎಂಸಿಯ ಟೊಮೆಟೊ ನೆನಪಾಗುತ್ತದೆ. ಇಲ್ಲಿ ಅದೂ ಬಾಕ್ಸ್ ಲೆಕ್ಕದಲ್ಲಿ ಮಾರಾಟವಾಗುತ್ತದೆ ಎನ್ನುವುದು ಬೇರೆ ಮಾತು. ‘ಕೂಡುಬೆಲೆ’ ನಡೆದೀತೆ? ಇನ್ನು ‘ರೀಫ್’: ಮೆರೆನ್ಸ್ಕಿ ರೀಫ್ ಎಂಬುದನ್ನು ‘ಮೆರೆನ್ಸ್ಕಿ ದಿಬ್ಬ’ ಎಂದು ತಿದ್ದಿ ಎಂದು ಹಿತೈಷಿಯೊಬ್ಬರು ಹೇಳಿದರು. ಅದು ನೆಲದಡಿಯ ಅದಿರಿನ ಪದರ, ಹವಳದ ದಿಬ್ಬವಲ್ಲ. ಚಾಂಪಿಯನ್ ರೀಫ್ ಎಂದು ಊರಿಗೇ ಹೆಸರಿರುವ ಜಿಲ್ಲೆಯವನು ನಾನು, ‘ರೀಫ್’ ಬಿಡುವುದಿಲ್ಲ.

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಈಗಲೂ ನಡೆಯುತ್ತಿದೆ, ಅಲ್ಲಿ ಕನ್ನಡ ಮಾತಾಡುವ ಕೆಲಸಗಾರರೂ ಇದ್ದಾರೆ. ತೆಗೆದರೆ ಗಿಟ್ಟುವ ಕಲ್ಲು, ಗಿಟ್ಟದೆ ಬಿಟ್ಟ ಕಲ್ಲು ಇವಕ್ಕೆ ಅವರಲ್ಲಿ ಬಳಕೆಯ ಪದಗಳಿವೆಯೆ? ಅಲ್ಲಿ ದುಡಿದವರು ಅಥವಾ ಅಂಥವರ ಮನೆಯವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ. ಶಾಸನದ ಜೋಡಿಗಿಂತ ಅವರ ಮಾತು ಚೆನ್ನಾಗಿದ್ದರೆ ಅದನ್ನೇ ಬರೆಯುತ್ತೇನೆ.