ನಾಲ್ಕೇ ದಿನಕ್ಕೆ ಪೇಪರ್ ಒಪ್ಪಿಕೊಂಡ ಜರ್ನಲ್: ದುಡ್ಡು ಕಟ್ಟಲೋ ಬೇಡವೋ?

ಕೇಳಿದವರು: ಮೆಡಿಸಿನ್ ವಿಭಾಗದ ಸಹಾಯಕ ಪ್ರಾಧ್ಯಾಪಕಿ, ರಾಯಚೂರು

ಎಲ್ಲರಿಗೂ ನಮಸ್ಕಾರ. ಹೊಲಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವಾಗ ವಿಷ ಏರಿ ನಮ್ಮ ವಾರ್ಡಿಗೆ ಬಂದ ರೈತರು, ಕೂಲಿಯವರ ಕೇಸ್ ಶೀಟ್‌ಗಳನ್ನು ಎರಡು ವರ್ಷ ಕೂಡಿಟ್ಟು ಪೇಪರ್ ಬರೆದೆ. ಒಟ್ಟು 62 ಜನ. ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲೇ ತಗೊಂಡಿದ್ದೆ. ಹೋದ ಸೋಮವಾರ ಒಂದು ಜರ್ನಲ್‌ಗೆ ಕಳಿಸಿದರೆ ಶುಕ್ರವಾರವೇ ಒಪ್ಪಿಗೆ ಪತ್ರ ಬಂತು. ಪೇಪರ್ ಪರಿಶೀಲಿಸುವ ತಜ್ಞರ, ಅಂದರೆ ರಿವ್ಯೂವರ್ ಅಭಿಪ್ರಾಯ ಅಂತ ಒಂದೇ ಸಾಲು: ‘ಪೇಪರ್ ತುಂಬ ಚೆನ್ನಾಗಿದೆ, ಹೀಗೇ ಪ್ರಕಟಿಸಬಹುದು.’ ಐದು ದಿನದೊಳಗೆ 14,000 ರೂಪಾಯಿ ಕಟ್ಟಬೇಕಂತೆ. ನನ್ನ ಪ್ರಮೋಷನ್ ಫೈಲು ಮುಂದಿನ ತಿಂಗಳು ಹೋಗಬೇಕು, ಪೇಪರ್ ಒಂದು ಕಡಿಮೆ ಬಿದ್ದಿದೆ. ಇನ್ನೊಂದು ಸಂಕಟ: ಒಂದು ಕೇಸ್ ಶೀಟನ್ನೂ ತಿರುವಿ ನೋಡದ ಹಿರಿಯರೊಬ್ಬರು ತಮ್ಮ ಹೆಸರೇ ಮೊದಲು ಇರಲಿ ಅಂತಿದ್ದಾರೆ. ಇದನ್ನೆಲ್ಲ ಅನುಭವಿಸಿದವರು ದಯವಿಟ್ಟು ಹೇಳಿ.

ಕಮ್ಯುನಿಟಿ ಮೆಡಿಸಿನ್, ನಿವೃತ್ತರು, ಬಳ್ಳಾರಿ

ಮೇಡಂ, ಕಟ್ಟಬೇಡಿ. ಯಾಕೆ ಅನ್ನುವುದಕ್ಕೆ ನನ್ನದೇ ಒಂದು ಪೇಪರಿನ ಕಥೆ ಹೇಳುತ್ತೇನೆ.

ಸಂಡೂರು ಕಡೆಯ ಗಣಿ ಕೂಲಿಗಳ ಉಸಿರಾಟದ ತೊಂದರೆ ಬಗ್ಗೆ ಕೆಲಸ ಮಾಡಿದ್ದೆ. ಕೆಲಸಕ್ಕೆ ಬರುತ್ತಿದ್ದವರನ್ನೆಲ್ಲ ಕೂರಿಸಿ, ಯಂತ್ರದಲ್ಲಿ ಊದಿಸಿ, ತೊಂದರೆ ನಾನು ಅಂದುಕೊಂಡಷ್ಟಿಲ್ಲ ಎಂದು ಬರೆದು ಕಳಿಸಿದೆ. ನಾಲ್ಕು ತಿಂಗಳಾದ ಮೇಲೆ ಇಬ್ಬರು ರಿವ್ಯೂವರ್‌ಗಳ ಪ್ರಶ್ನೆಗಳು ಬಂದವು, ಮೂರು ಪುಟ. ಅದರಲ್ಲಿ ಒಂದು ಇವತ್ತಿಗೂ ಬಾಯಿಪಾಠ: ‘ಕೆಮ್ಮು, ದಮ್ಮು ತಾಳಲಾರದೆ ಕೆಲಸ ಬಿಟ್ಟು ಊರು ಸೇರಿದವರು ನಿಮ್ಮ ಲೆಕ್ಕದಲ್ಲಿ ಎಲ್ಲಿದ್ದಾರೆ?’ ಎಲ್ಲೂ ಇರಲಿಲ್ಲ. ಗಟ್ಟಿಯಾಗಿದ್ದವರು ಕೆಲಸದಲ್ಲಿ ಉಳಿದಿದ್ದರು, ನಾನು ಅವರನ್ನಷ್ಟೇ ಅಳೆದಿದ್ದೆ. ಹಳೇ ಹಾಜರಿ ಪುಸ್ತಕ ಹಿಡಿದು ಹಳ್ಳಿ, ತಾಂಡಾ ಅಲೆದು ಬಿಟ್ಟುಹೋದವರನ್ನು ಹುಡುಕಿದೆ. ಎಂಟು ತಿಂಗಳು ಹಿಡಿಯಿತು. ಪೇಪರಿನ ತೀರ್ಮಾನವೇ ತಿರುಗಿಬಿತ್ತು. ಹೆಸರೂ ಗೊತ್ತಿಲ್ಲದ ಒಬ್ಬರು, ಒಂದು ಪೈಸೆ ಸಂಬಳವಿಲ್ಲದೆ, ನನ್ನ ಪೇಪರನ್ನು ನನಗಿಂತ ಚೆನ್ನಾಗಿ ಓದಿದ್ದರು. ಪಿಯರ್ ರಿವ್ಯೂ ಅಂದರೆ ನನಗೆ ಅದು.

ನಿಮ್ಮ ಪೇಪರನ್ನು ಯಾರಾದರೂ ನಿಜವಾಗಿ ಓದಿದ್ದರೆ ಏನು ಕೇಳುತ್ತಿದ್ದರು ನೋಡಿ. ಆ 62 ಜನರಲ್ಲಿ ಎಣ್ಣೆ ಹೊಡೆಯುವಾಗ ಏರಿದ್ದೆಷ್ಟು, ತಾವೇ ವಿಷ ಕುಡಿದು ಬಂದಿದ್ದೆಷ್ಟು? ಮನೆಯವರು ಪೊಲೀಸ್ ಕೇಸಿಗೆ ಹೆದರಿ ‘ಹೊಡೆಯುವಾಗ ಆಯ್ತು’ ಅಂತ ಹೇಳುವುದು ನಿಮಗೇ ಗೊತ್ತಿರುತ್ತದೆ. ಯಾವ ವಿಷ ಅಂತ ಹೇಗೆ ಗೊತ್ತಾಯಿತು, ಡಬ್ಬಿ ತಂದಿದ್ದರೋ, ಕೋಲಿನೆಸ್ಟರೇಸ್ ರಕ್ತಪರೀಕ್ಷೆ ಮಾಡಿಸಿದಿರೋ, ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಟ್ಟಾಗ ಸುಧಾರಿಸಿದ್ದನ್ನು ನೋಡಿ ಹೇಳಿದಿರೋ? ತಾಲ್ಲೂಕು ಆಸ್ಪತ್ರೆಯಲ್ಲೇ ತೀರಿಕೊಂಡವರು ನಿಮ್ಮವರೆಗೆ ಬರಲೇ ಇಲ್ಲವಲ್ಲ? ಇದೊಂದನ್ನೂ ಕೇಳದವರು ಪೇಪರ್ ಓದಿಲ್ಲ, ಬರೀ ಬಿಲ್ ಕಳಿಸಿದ್ದಾರೆ.

2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಎದ್ದು ಕಾಣುವ ತಪ್ಪುಗಳಿದ್ದ ಒಂದು ಸುಳ್ಳು ಪೇಪರ್ ಹೊಸೆದು 304 ಓಪನ್ ಆಕ್ಸೆಸ್ (ಯಾರು ಬೇಕಾದರೂ ಪುಕ್ಕಟೆ ಓದಬಹುದಾದ) ಜರ್ನಲ್‌ಗಳಿಗೆ ಕಳಿಸಿದ. 157 ಜರ್ನಲ್‌ಗಳು ಒಪ್ಪಿಕೊಂಡವು. ಹಾಗಂತ ಓಪನ್ ಆಕ್ಸೆಸ್ ಎಲ್ಲ ಮೋಸ ಅಂತಲ್ಲ, ಶುಲ್ಕ ತಗೊಳ್ಳುವ ಒಳ್ಳೆಯ ಜರ್ನಲ್‌ಗಳೂ ಇವೆ. ಒಪ್ಪಿಗೆಗೂ ದುಡ್ಡಿಗೂ ನಂಟು ಇರಬಾರದು, ಅಷ್ಟೆ. ಈ ದಂಧೆ ನಮಗೆ ದೂರದ್ದೂ ಅಲ್ಲ. ಹೈದರಾಬಾದಿನ ಓಮಿಕ್ಸ್ ಕಂಪನಿ ಪಿಯರ್ ರಿವ್ಯೂ ವಿಷಯದಲ್ಲಿ, ಶುಲ್ಕದ ವಿಷಯದಲ್ಲಿ ಸಂಶೋಧಕರನ್ನು ದಾರಿ ತಪ್ಪಿಸಿದೆ ಎಂದು 2019ರಲ್ಲಿ ಅಮೆರಿಕದ ಕೋರ್ಟು 5 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟುವಂತೆ ಆದೇಶ ಮಾಡಿತು.

ಮಕ್ಕಳ ವಿಭಾಗ, ಕೊಪ್ಪಳ

ಅಕ್ಕಾರ, ನಾನು ಆ ತಪ್ಪು ಮಾಡಿ ಕುಂತೀನಿ, ಅದಕ್ಕ ಹೇಳಾಕತ್ತೀನಿ. ಪಿಜಿ ಮುಗಿದ ವರ್ಷ ಥೀಸಿಸ್‌ನ ಪೇಪರ್ ಮಾಡಿ 9,000 ಕೊಟ್ಟು ಹಾಕ್ಸಿದೆ. ಅವರ ಸೈಟಿನ್ಯಾಗ ಜರ್ನಲ್, ಪೇಪರ್‌ಗಳ ಪಟ್ಟಿ ಇಡೋ ಪಬ್‌ಮೆಡ್, ಸ್ಕೋಪಸ್‌ನಂಥಾ ಇಂಡೆಕ್ಸ್ ಎಲ್ಲಾದರ ಲೋಗೋ ಇದ್ವು. ಇಂಟರ್‌ವ್ಯೂದಾಗ ಫೈಲ್ ನೋಡಿದವರು ‘ಇದು ಎಲ್ಲೂ ಇಂಡೆಕ್ಸ್ ಆಗಿಲ್ಲ’ ಅಂದು ಬದಿಗಿಟ್ರು. ಒಂದೂವರೆ ವರ್ಷಕ್ಕ ಸೈಟೂ ಬಂದ್ ಆತು. ರೊಕ್ಕ ಹೋಗಿದ್ದಕ್ಕ ಅಷ್ಟು ಸಂಕಟ ಆಗಲಿಲ್ಲ. ಆ ಡೇಟಾ ಹೋತಲ್ಲ, ಅದು ಇನ್ನೂ ಹೊಟ್ಯಾಗ ಉರೀತೈತಿ. ಒಮ್ಮೆ ಪ್ರಕಟ ಆದದ್ದನ್ನ ಇನ್ನೊಂದು ಜರ್ನಲ್‌ಗೆ ಹೊಸಾದು ಅಂತ ಕಳಿಸಾಕ ಬರಂಗಿಲ್ಲ, ಅದು ಡೂಪ್ಲಿಕೇಟ್ ಪಬ್ಲಿಕೇಷನ್ ಆಕ್ಕೈತಿ. ಬಿಸಿಲಾಗ ಅಂಗನವಾಡಿ ಅಂಗನವಾಡಿ ತಿರುಗಿ ಕೂಸುಗಳ ತೋಳು ಅಳದಿದ್ದೆ, ಅದು ಯಾರ ಕಣ್ಣಿಗೂ ಬೀಳದಂಗ ಆತು.

ಲೋಗೋ ನಂಬಬ್ಯಾಡ್ರಿ. ಜರ್ನಲ್ ಹೆಸರು, ಐಎಸ್‌ಎಸ್‌ಎನ್ ನಂಬರ್ ಎರಡೂ ಬರಕೊಂಡು ಎನ್‌ಎಲ್‌ಎಂ (ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ) ಕ್ಯಾಟಲಾಗ್‌ನ್ಯಾಗ ನೀವಾ ಹುಡುಕ್ರಿ, ಈಗ ಅವರ ಮೆಡ್‌ಲೈನ್ ಇಂಡೆಕ್ಸ್‌ನ್ಯಾಗ ಐತೋ ಇಲ್ಲೋ ಅಲ್ಲೇ ಬರದಿರ್ತಾರ. ಸ್ಕೋಪಸ್ ಪಟ್ಟಿ, ಓಪನ್ ಆಕ್ಸೆಸ್ ಜರ್ನಲ್‌ಗಳ ಡಿಒಎಜೆ ಪಟ್ಟಿನೂ ಹಂಗ ನೋಡಬಹುದು. ಐಎಸ್‌ಎಸ್‌ಎನ್ ಐತಿ ಅಂದ್ರ ಚೊಲೋ ಜರ್ನಲ್ ಅಂತ ಅಲ್ಲ, ಅದು ಬರೀ ನಂಬರು. ಹೆಸರಿನ್ಯಾಗ ಒಂದು ಅಕ್ಷರ ಆಚೀಚೆ ಮಾಡಿ ಹೆಸರುವಾಸಿ ಜರ್ನಲ್ ಅನ್ನಿಸೋ ಸೈಟೂ ಇರ್ತಾವು. ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) 2022ರ ನಿಯಮದಾಗ ಪ್ರಮೋಷನ್‌ಗೆ ಯಾವ್ಯಾವ ಇಂಡೆಕ್ಸ್ ನಡೀತಾವ ಅಂತ ಹೆಸರು ಹೇಳೇ ಬರದಿದ್ರು. ಆಮ್ಯಾಲೆ ಏನರ ಬದಲಾಗೈತೇನು ಅಂತ ನಿಮ್ಮ ಆಫೀಸಿನ್ಯಾಗ ಕೇಳಿ ಕಳಿಸ್ರಿ.

ಸರ್ಜರಿ ವಿಭಾಗ, ಬಳ್ಳಾರಿ

ಹೆಸರಿನ ವಿಷಯ ಯಾರೂ ಮುಟ್ಟಿಲ್ಲ, ಅದನ್ನು ಹೇಳ್ತೀನಿ. ಐಸಿಎಂಜೆಇ ಎಂಬ ವೈದ್ಯಕೀಯ ಸಂಪಾದಕರ ಸಮಿತಿಯ ನಿಯಮದಲ್ಲಿ ಲೇಖಕರು ಅನ್ನಿಸಿಕೊಳ್ಳಲು ನಾಲ್ಕು ಷರತ್ತುಗಳಿವೆ, ನಾಲ್ಕೂ ಬೇಕು: ಅಧ್ಯಯನದ ಯೋಜನೆಯಲ್ಲೋ ಡೇಟಾದಲ್ಲೋ ಗಣನೀಯ ಕೆಲಸ, ಬರೆಯುವುದು ಅಥವಾ ತಿದ್ದುವುದು, ಕೊನೆಯ ಪ್ರತಿಗೆ ಒಪ್ಪಿಗೆ, ಮತ್ತು ಮುಂದೆ ಯಾವ ಪ್ರಶ್ನೆ ಬಂದರೂ ಉತ್ತರ ಕೊಡುವ ಹೊಣೆ. ವಿಭಾಗದ ಮುಖ್ಯಸ್ಥರು ಅನ್ನುವುದು ಇದರಲ್ಲಿ ಬರುವುದಿಲ್ಲ. ಉಳಿದವರಿಗೆ ಕೃತಜ್ಞತೆ ಹೇಳುವ ಜಾಗ ಬೇರೆ ಇದೆ.

ನನಗೂ ಹೀಗೇ ಆಗಿತ್ತು. ಜಗಳ ಮಾಡಲಿಲ್ಲ. ಪೇಪರ್ ಮತ್ತು ಡೇಟಾ ಶೀಟ್ ಎರಡನ್ನೂ ಹಿರಿಯರ ಮೇಜಿನ ಮೇಲಿಟ್ಟು ‘ಸರ್, ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಮೊದಲ ಹೆಸರಿನವರು ಉತ್ತರ ಕೊಡಬೇಕು, ಒಮ್ಮೆ ಪೂರ್ತಿ ನೋಡಿ’ ಅಂದೆ. ಒಂದು ವಾರ ಇಟ್ಟುಕೊಂಡರು. ನಿಜಕ್ಕೂ ಕೂತು ಓದಿದರು, ಎರಡನೇ ಟೇಬಲ್ಲಿನಲ್ಲಿ ಕೂಡಿಸಿದ ಲೆಕ್ಕ ತಪ್ಪಿದ್ದನ್ನು ಹಿಡಿದರು, ಚರ್ಚೆಯ ಭಾಗ ತಿದ್ದಿದರು. ಅವರ ಹೆಸರು ಕೊನೆಯಲ್ಲಿ ಬಂತು, ದುಡಿದು ಬಂತು. ಎಲ್ಲ ಹಿರಿಯರೂ ಹೀಗೆ ಓದಿಯಾರು ಅಂತ ನಾನು ಭರವಸೆ ಕೊಡಲಾರೆ. ಆದರೂ ಮೊದಲು ಈ ಅವಕಾಶ ಕೊಟ್ಟು ನೋಡಿ.

2020ರಲ್ಲಿ, ಕೋವಿಡ್‌ಗೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಬಗ್ಗೆ ‘ಲ್ಯಾನ್ಸೆಟ್’ನಲ್ಲಿ 96,000 ರೋಗಿಗಳ ಡೇಟಾ ಅಂತ ಒಂದು ಪೇಪರ್ ಬಂತಲ್ಲ, ಮೇ 22ಕ್ಕೆ ಪ್ರಕಟ, ಜೂನ್ 4ಕ್ಕೆ ವಾಪಸ್. ಡೇಟಾ ಇದ್ದದ್ದು ಸರ್ಜಿಸ್ಫಿಯರ್ ಎಂಬ ಕಂಪನಿಯ ಕೈಯಲ್ಲಿ. ಹೊರಗಿನವರ ತನಿಖೆಗೆ ಅವರು ಡೇಟಾ ಕೊಡಲಿಲ್ಲ. ನಾಲ್ವರು ಲೇಖಕರಲ್ಲಿ ಮೂವರು, ಮೂಲ ಡೇಟಾಗೆ ತಾವಿನ್ನು ಜವಾಬು ಕೊಡಲಾರೆವು ಅಂತ ಪೇಪರ್ ವಾಪಸ್ ತಗೊಂಡರು. ಅಷ್ಟು ದೊಡ್ಡ ಜರ್ನಲ್ಲಿನ ರಿವ್ಯೂವರ್‌ಗಳಿಗೂ ಡೇಟಾದಲ್ಲಿನ ತೊಡಕು ಕಂಡಿರಲಿಲ್ಲ. ರಿವ್ಯೂವರ್ ಕೈಗೆ ಸಿಗುವುದು ಪೇಪರ್, ಕೇಸ್ ಶೀಟ್ ಅಲ್ಲ. ಕೇಸ್ ಶೀಟ್ ನೋಡಬೇಕಾದವರು ಹೆಸರು ಹಾಕಿಕೊಂಡ ನಾವು.

ಚರ್ಮರೋಗ ತಜ್ಞೆ, ರಾಯಚೂರು

ಮೇಡಂ, ಪೇಪರಿನಲ್ಲಿ ಫೋಟೋ ಇದ್ದರೆ ಒಂದು ಮಾತು. ರೋಗಿಯೊಬ್ಬರ ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಸಾಕು ಅಂದುಕೊಂಡಿದ್ದೆ. ಅವರ ಊರಿನ ನರ್ಸ್ ಮುಂಗೈ ಮೇಲಿನ ಹಚ್ಚೆ ನೋಡಿಯೇ ಯಾರು ಅಂತ ಹೇಳಿಬಿಟ್ಟಳು. ಕಣ್ಣಿಗೆ ಪಟ್ಟಿ ಎಳೆದರೆ ಗುರುತು ಮುಚ್ಚಿದಂತಲ್ಲ ಅಂತ ಐಸಿಎಂಜೆಇ ನಿಯಮದಲ್ಲೇ ಇದೆ. ಈಗ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಓದಿ ಹೇಳಿ, ಫೋಟೋ ಇಂಟರ್‌ನೆಟ್ಟಿನಲ್ಲಿ ಯಾರಿಗೂ ಕಾಣುತ್ತದೆ ಅಂತ ಮೊಬೈಲಿನಲ್ಲಿ ತೋರಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇನೆ. ಇಬ್ಬರು ಬೇಡ ಅಂದಿದ್ದಾರೆ, ಅವರ ಫೋಟೋ ಹಾಕಿಲ್ಲ.

ಕೇಳಿದವರು, ರಾಯಚೂರು

ಎಲ್ಲರಿಗೂ ಕೈ ಮುಗಿದೆ. ಪೇಪರ್ ವಾಪಸ್ ತಗೊಳ್ತೀನಿ ಅಂತ ಜರ್ನಲ್‌ಗೆ ಬರೆದೆ. ವಾಪಸ್ ಕೊಡೋದಕ್ಕೂ 7,000 ಕೇಳ್ತಿದ್ದಾರೆ!

ಕಮ್ಯುನಿಟಿ ಮೆಡಿಸಿನ್, ನಿವೃತ್ತರು, ಬಳ್ಳಾರಿ

ಕೊಡಬೇಡಿ. ಕಾಪಿರೈಟ್ ಫಾರಂಗೆ ಸಹಿ ಹಾಕಿದ್ದೀರಾ? ಹಾಕಿರದಿದ್ದರೆ ಹಾಕಬೇಡಿ. ‘ಪೇಪರ್ ಹಿಂಪಡೆದಿದ್ದೇನೆ, ಪ್ರಕಟಿಸಲು ಅನುಮತಿ ಇಲ್ಲ’ ಅಂತ ದಿನಾಂಕ ಸಮೇತ ಇನ್ನೊಂದು ಮೇಲ್ ಕಳಿಸಿ, ಪ್ರತಿ ಜೋಪಾನ ಮಾಡಿ. ಹೊಸ ಜರ್ನಲ್‌ಗೆ ಕಳಿಸುವಾಗ ನಡೆದದ್ದನ್ನೆಲ್ಲ ಕವರ್ ಲೆಟರ್‌ನಲ್ಲಿ ಸಂಪಾದಕರಿಗೆ ಮುಚ್ಚುಮರೆಯಿಲ್ಲದೆ ಬರೆಯಿರಿ. ಬರೆಯದಿದ್ದರೆ ಒಂದೇ ಪೇಪರ್ ಎರಡು ಕಡೆ ಕೊಟ್ಟ ತಪ್ಪು ನಿಮ್ಮ ಮೇಲೆ ಬರುತ್ತದೆ.

ಕೇಳಿದವರು, ರಾಯಚೂರು

ಸಹಿ ಹಾಕಿಲ್ಲ ಸರ್, ಮೇಲ್ ಕಳಿಸಿದೆ. ಈ ಸಲದ ಫೈಲಿಗೆ ಪೇಪರ್ ಆಗುವುದಿಲ್ಲ, ಮನೆಯಲ್ಲೂ ಹೇಳಿದ್ದೇನೆ. ನಿನ್ನೆ ರಾತ್ರಿ ಡ್ಯೂಟಿಯಲ್ಲಿ 62 ಕೇಸ್ ಶೀಟನ್ನೂ ಮತ್ತೆ ತೆಗೆದು ಬೇರೆ ಮಾಡಿದೆ. 17 ಜನ ವಿಷ ಕುಡಿದು ಬಂದವರು, ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಕೇಸುಗಳ) ಪುಸ್ತಕದಲ್ಲಿ ಸ್ಪಷ್ಟವಾಗಿದೆ, ನಾನು ನೋಡಿರಲಿಲ್ಲ. ಆರು ಶೀಟ್‌ಗಳಲ್ಲಿ ಏನೂ ಬರೆದಿಲ್ಲ. ಅದರಲ್ಲಿ ನಾಲ್ಕಕ್ಕೆ ಫೋನ್ ನಂಬರ್ ಇದೆ. ಎಥಿಕ್ಸ್ ಕಮಿಟಿಯನ್ನು ಕೇಳಿ, ಅವರು ಒಪ್ಪಿದರೆ ಮನೆಯವರಿಗೆ ಫೋನ್ ಮಾಡುತ್ತೇನೆ.