‘ನಿದ್ರಾಹೀನತೆ’ ಅಂದರೆ ಯಾವುದು? ಮತ್ತೆ ಮಿದುಳು ‘ಕುಗ್ಗುತ್ತದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಬಹಳ ಕಾಲ ನಿದ್ದೆ ಬಾರದವರ ಮಿದುಳಿನಲ್ಲಿ ಏನು ಬದಲಾಗುತ್ತದೆ ಎಂಬ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮೊದಲ ಪ್ಯಾರಾದಲ್ಲೇ ‘ನಿದ್ರಾಹೀನತೆ’ ಕಾಲಿಗೆ ತೊಡರಿಕೊಂಡಿದೆ.

ರಾತ್ರಿಪಾಳಿ ಮಾಡಿ ನಿದ್ದೆ ಬಿಟ್ಟವರಿಗೂ ಇದೇ ಪದ, ದೀಪ ಆರಿಸಿ ಹಾಸಿಗೆಯಲ್ಲಿ ಎಷ್ಟು ಹೊರಳಾಡಿದರೂ ಕಣ್ಣು ಹತ್ತದವರಿಗೂ ಇದೇ ಪದ. ವೈದ್ಯರ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ. ಮೊದಲನೆಯವರನ್ನು ಮಲಗಲು ಬಿಟ್ಟರೆ ಸಾಕು, ಗೊರಕೆ ಶುರು. ಎರಡನೆಯವರಿಗೆ ಸಮಯ, ಹಾಸಿಗೆ, ಕತ್ತಲೆ ಎಲ್ಲಾ ಇದೆ, ನಿದ್ದೆ ಮಾತ್ರ ಹತ್ತಿರ ಸುಳಿಯುವುದಿಲ್ಲ. ವಾರಕ್ಕೆ ಕನಿಷ್ಠ 3 ರಾತ್ರಿಯಂತೆ 3 ತಿಂಗಳು ಹೀಗೇ ನಡೆದು, ಹಗಲಿನ ಕೆಲಸಕ್ಕೂ ಅಡ್ಡಿಯಾದರೆ ಅದು ದೀರ್ಘಕಾಲದ ಇನ್‌ಸೋಮ್ನಿಯಾ.

ಪದ ಒಂದೇ ಆದ್ದರಿಂದ ಮಿದುಳಿನ ಸುದ್ದಿಯೂ ಕಲಸುಮೇಲೋಗರ ಆಗುತ್ತದೆ. ನಿದ್ದೆಯಲ್ಲಿ ಮಿದುಳಿನ ಕಸ ಬೇಗ ತೊಳೆದುಹೋಗುತ್ತದೆ ಎಂದು 2013ರಲ್ಲಿ ತೋರಿಸಿದ್ದು ಇಲಿಗಳಲ್ಲಿ, ಅದೂ ಮಲಗಿದ್ದಾಗ ಮತ್ತು ಎಚ್ಚರವಿದ್ದಾಗ ಏನಾಗುತ್ತದೆ ಎಂದು ಹೋಲಿಸಿ. ಅದನ್ನೇ ಎತ್ತಿಕೊಂಡು ‘ನಿದ್ರಾಹೀನತೆ ಇರುವವರ ಮಿದುಳಿನಲ್ಲಿ ಕಸ ತುಂಬುತ್ತದೆ’ ಎಂದು ಬರೆದರೆ, ಮೊದಲೇ ನಿದ್ದೆಯ ಚಿಂತೆಯಲ್ಲಿ ನಿದ್ದೆ ಕಳೆದುಕೊಂಡಿರುವ ಓದುಗರಿಗೆ ಇನ್ನೊಂದು ಚಿಂತೆ ಕೊಟ್ಟ ಹಾಗಾಯಿತು, ಅಲ್ವಾ?

ಮೊದಲನೆಯದಕ್ಕೆ ‘ನಿದ್ದೆಗೇಡು’, ಎರಡನೆಯದಕ್ಕೆ ‘ನಿದ್ದೆ ಬಾರದ ಕಾಯಿಲೆ’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ‘ನಿದ್ದೆಗೆಟ್ಟು ಓದಿದ’ ಅನ್ನುವಾಗ ಬೇಕೆಂದೇ ನಿದ್ದೆ ಬಿಟ್ಟ ಅರ್ಥ ಸರಿಯಾಗಿ ಬರುತ್ತದೆ. ಆದರೆ ‘ಸಾಲದ ಚಿಂತೆ ನಿದ್ದೆಗೆಡಿಸಿತು’ ಅಂತಲೂ ಹೇಳುತ್ತೇವಲ್ಲ, ಅಲ್ಲಿ ಗೆರೆ ಅಳಿಸಿಹೋಗುತ್ತದೆ.

ಎರಡನೇ ತೊಡಕು ‘ಕುಗ್ಗುತ್ತದೆ’ ಎಂಬ ಕ್ರಿಯಾಪದ. ನೆನಪಿಗೆ ಬೇಕಾದ ಮಿದುಳಿನ ಭಾಗ ಹಿಪ್ಪೊಕ್ಯಾಂಪಸ್ ಈ ಕಾಯಿಲೆ ಇರುವವರಲ್ಲಿ ಚಿಕ್ಕದಾಗಿದೆ ಎಂದು 2007ರಲ್ಲಿ ಜರ್ಮನಿಯ ಒಂದು ಪುಟ್ಟ ಅಧ್ಯಯನ ಹೇಳಿತು. 2013ರಲ್ಲಿ ಅಲ್ಲಿನವರೇ ಇನ್ನೂ ಜಾಸ್ತಿ ಜನರನ್ನು ಎಂಆರ್‌ಐನಲ್ಲಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇರಲಿ, ವ್ಯತ್ಯಾಸ ಕಂಡರೂ ಒಂದು ಸಲ ತೆಗೆದ ಚಿತ್ರದಿಂದ ‘ಚಿಕ್ಕದಾಗಿದೆ’ ಅನ್ನಬಹುದು, ‘ಕುಗ್ಗಿದೆ’ ಅನ್ನಲಾಗದು, ಯಾಕೆಂದರೆ ಕುಗ್ಗಬೇಕಾದರೆ ಮೊದಲು ದೊಡ್ಡದಿತ್ತು ಅಂತ ಗೊತ್ತಿರಬೇಕು. ನಿದ್ದೆ ಬಾರದ್ದಕ್ಕೆ ಮಿದುಳು ಹೀಗಾಯಿತೋ, ಮಿದುಳು ಹೀಗಿದ್ದದ್ದಕ್ಕೆ ನಿದ್ದೆ ಬರುತ್ತಿಲ್ಲವೋ ಅನ್ನುವುದೂ ಆ ಚಿತ್ರದಲ್ಲಿ ಇರುವುದಿಲ್ಲ. ಹಾಗಾಗಿ ‘ಹಾನಿ’, ‘ಸವೆತ’ ಎರಡನ್ನೂ ಹೊಡೆದುಹಾಕಿ ‘ವ್ಯತ್ಯಾಸ’ ಎಂದು ಬರೆದಿದ್ದೇನೆ. ಸಪ್ಪೆ, ಆದರೆ ಸುಳ್ಳಲ್ಲ.

ಇನ್ನೊಂದು, ಹೈಪರ್‌ಅರೌಸಲ್, ಅಂದರೆ ಮೈ-ಮಿದುಳು ಅಗತ್ಯಕ್ಕಿಂತ ಹೆಚ್ಚು ಎಚ್ಚರವಾಗೇ ಇರುವ ಸ್ಥಿತಿ. ಈ ಕಾಯಿಲೆಯ ಬಗ್ಗೆ ಹೇಳಬೇಕಾದ ಮುಖ್ಯ ಮಾತೇ ಇದು. ತಲೆಗೆ ತಂತಿ ಹಚ್ಚಿ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ತೆಗೆದರೆ, ನಿದ್ದೆಯಲ್ಲಿದ್ದಾಗಲೂ ಇವರಲ್ಲಿ ಬೀಟಾ ಎಂಬ ವೇಗದ ಅಲೆಗಳು ಜಾಸ್ತಿ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕೆಲವರು ಬೆಳಿಗ್ಗೆ ಎದ್ದು ‘ರಾತ್ರಿಯೆಲ್ಲಾ ಕಣ್ಣು ಮುಚ್ಚಲೇ ಇಲ್ಲ’ ಅನ್ನುತ್ತಾರೆ, ದಾಖಲೆಯಲ್ಲಿ ನೋಡಿದರೆ ಗಂಟೆಗಟ್ಟಲೆ ನಿದ್ದೆ. ಅವರು ಸುಳ್ಳು ಹೇಳುತ್ತಿಲ್ಲ, ಒಳಗೆ ಎಚ್ಚರ ಪೂರ್ತಿ ಇಳಿದೇ ಇಲ್ಲ ಎಂಬುದು ಒಂದು ವಿವರಣೆ. ಇದಕ್ಕೆ ‘ಅತಿಜಾಗೃತಿ’ ಅಂದರೆ ಸರಕಾರಿ ಅಭಿಯಾನದ ವಾಸನೆ. ‘ಉದ್ರೇಕ’ ಬೇರೆಲ್ಲೋ ಕರೆದುಕೊಂಡು ಹೋಗುತ್ತದೆ. ‘ಇಳಿಯದ ಎಚ್ಚರ’ ಹೇಗೆ? ಎಚ್ಚರ ಅಂದರೆ ನಿದ್ದೆ ಇಲ್ಲದಿರುವುದೂ ಹೌದು, ಹುಷಾರಾಗಿರುವುದೂ ಹೌದು, ಇಲ್ಲಿ ಎರಡೂ ಬೇಕು.

ಹಿಪ್ಪೊಕ್ಯಾಂಪಸ್‌ಗೆ ಕನ್ನಡ ಪದ ಹುಡುಕುವ ಗೋಜಿಗೆ ಹೋಗಿಲ್ಲ, ದಯವಿಟ್ಟು ಅದನ್ನು ಎತ್ತಬೇಡಿ. ‘ನಿದ್ದೆಗೇಡು’ ನಿಮ್ಮ ಕಡೆ ಯಾವ ಅರ್ಥದಲ್ಲಿ ಬಳಕೆಯಲ್ಲಿದೆ ಎಂದು ಒಂದು ಉದಾಹರಣೆ ಕೊಟ್ಟು ತಿಳಿಸಿ.