ಹಸಿ ತೆಂಗಿನಕಾಯಿಯ ಮೂರು ಪದರದ ಕೇಕ್: ತಳ ಅಂಟಾಗುತ್ತದೆ, ಕ್ರೀಮ್ ಜಾರುತ್ತದೆ

ಕಡಲತಡಿ_ಕಾರವಾರ

ಎಲ್ಲರಿಗೂ ನಮಸ್ಕಾರ. ಏಳು ಇಂಚಿನ ಮೂರು ಟಿನ್‌ಗೆ ಅಳತೆ ಹೀಗಿದೆ: ಮೈದಾ 300 ಗ್ರಾಂ, ಸಕ್ಕರೆ 300, ಬೆಣ್ಣೆ 170, ಮೊಟ್ಟೆ 4, ಕಾಯಿಹಾಲು 240 ಮಿ.ಲೀ., ಬೇಕಿಂಗ್ ಪೌಡರ್ ಎರಡೂವರೆ ಚಹಾ ಚಮಚ. ಇದಕ್ಕೆ ಒಣ ಕೊಬ್ಬರಿ ಪುಡಿ 80 ಗ್ರಾಂ ಎಂದಿತ್ತು, ಅದರ ಬದಲು ಅಷ್ಟೇ ತೂಕದ ಹಸಿ ಕಾಯಿತುರಿ ಹಾಕಿದ್ದು. ಒಟಿಜಿಯಲ್ಲಿ (ಮನೆಯ ಚಿಕ್ಕ ಕರೆಂಟ್ ಓವನ್) 170 ಡಿಗ್ರಿ, 28 ನಿಮಿಷ. ಕಡ್ಡಿ ಚುಚ್ಚಿದರೆ ಒಣಗಿಯೇ ಬರುತ್ತದೆ. ಕತ್ತರಿಸಿದರೆ ಮಾತ್ರ ತಳದಲ್ಲಿ ಅರ್ಧ ಸೆಂ.ಮೀ. ದಪ್ಪಕ್ಕೆ ಹಲ್ವದ ಹಾಗೆ ಅಂಟು. ಮೇಲಿನ ಕ್ರೀಮ್ ಒಂದು ತಾಸಿನಲ್ಲಿ ಇಳಿಯುತ್ತದೆ, ಮೇಲಿನ ಪದರವೂ ಅದರ ಜೊತೆ ಪಕ್ಕಕ್ಕೆ ಸರಿಯುತ್ತದೆ. ಒಣ ಪುಡಿಗೆ ಹಸಿ ಕಾಯಿಯ ರುಚಿ ಬರುವುದಿಲ್ಲ, ಹಾಗಾಗಿ ಅದನ್ನು ಬಿಡುವ ಮನಸ್ಸಿಲ್ಲ. ಎಲ್ಲಿ ತಿದ್ದಬೇಕು?

ಕುಮಟಾ_ಓವನ್

ನಿಮ್ಮ ಅಳತೆಯಲ್ಲಿ ದೋಷವಿಲ್ಲ, ಬದಲಿ ಮಾಡಿದ್ದರಲ್ಲಿದೆ. ಹಸಿ ಕಾಯಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಅಂಗಡಿಯ ಒಣ ಪುಡಿಯಲ್ಲಿ ನೂರಕ್ಕೆ ಮೂರು ಪಾಲು ಇದ್ದರೆ ಹೆಚ್ಚು. ಒಣ ಪುಡಿ ಹಿಟ್ಟಿನ ನೀರನ್ನು ಕುಡಿಯುತ್ತದೆ, ಹಸಿ ತುರಿ ತನ್ನ ನೀರನ್ನು ಹಿಟ್ಟಿಗೆ ಬಿಡುತ್ತದೆ. ಎರಡೂ ಕಡೆಯಿಂದ ಹೊಡೆತ. ಆ ಭಾರದ ತುರಿ ತೆಳ್ಳಗಾದ ಹಿಟ್ಟಿನಲ್ಲಿ ಕೆಳಗೆ ಕೂತು ತಳ ಬೇಯದೆ ಉಳಿಯುತ್ತದೆ.

ಹಸಿ ಕಾಯಿಯನ್ನು ಬಿಡಬೇಕಾಗಿಲ್ಲ, ಬಾಡಿಸಿಕೊಳ್ಳಿ ಸಾಕು. ಚೆನ್ನಾಗಿ ಬಲಿತ ಕಾಯಿ ತೆಗೆದುಕೊಳ್ಳಿ, ತುರಿಮಣೆಯಲ್ಲಿ ಕರಟದವರೆಗೆ ಕೆರೆಯಬೇಡಿ. ಕಂದು ಸಿಪ್ಪೆ ಸೇರಿದರೆ ಕೇಕಿನ ಒಳಗೆ ಕಪ್ಪು ಚುಕ್ಕೆ ಕಾಣುತ್ತದೆ, ಹಲ್ಲಿಗೂ ಸಿಗುತ್ತದೆ. 120 ಗ್ರಾಂ ತುರಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಿ, ಬಣ್ಣ ತಿರುಗಬಾರದು. ನಿಮಿಷ ಎಣಿಸುವುದಕ್ಕಿಂತ ತಕ್ಕಡಿ ನಂಬಿ: 80 ಗ್ರಾಂಗೆ ಇಳಿದಾಗ ಒಲೆ ಆರಿಸಿ. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗದೆ ಉದುರಬೇಕು. ಪೂರ್ತಿ ಆರಿದ ಮೇಲೆ ಅಳತೆಯ ಮೈದಾದಲ್ಲೇ ಒಂದು ಚಮಚ ತೆಗೆದು ಅದಕ್ಕೆ ಸವರಿ, ಕೊನೆಯಲ್ಲಿ ಸೌಟಿನಿಂದ ಸೇರಿಸಿ. ಇಷ್ಟು ಬಾಡಿಸಿದರೂ ಒಣ ಪುಡಿಯಷ್ಟು ನೀರು ಕುಡಿಯುವುದಿಲ್ಲ, ಹಾಗಾಗಿ ಕಾಯಿಹಾಲನ್ನು 240ರಿಂದ 210ಕ್ಕೆ ಇಳಿಸಿ.

ಇನ್ನೊಂದು ಅನುಮಾನ ಬೆಣ್ಣೆಯ ಮೇಲೆ. ಕಾರವಾರದ ಸೆಖೆಯಲ್ಲಿ ಬೆಣ್ಣೆಯನ್ನು ಒಂದು ತಾಸು ಹೊರಗಿಟ್ಟರೆ ಅದು ಮೆತ್ತಗಾಗುವುದಲ್ಲ, ಎಣ್ಣೆಯಾಗುತ್ತದೆ. ಎಣ್ಣೆಯಾದ ಬೆಣ್ಣೆಯಲ್ಲಿ ಗಾಳಿ ನಿಲ್ಲುವುದಿಲ್ಲ, ಸಕ್ಕರೆಯ ಜೊತೆ ಎಷ್ಟು ಬೀಟರ್ ಹಿಡಿದರೂ ಬೆಳ್ಳಗೆ ಹಗುರಾಗುವುದಿಲ್ಲ. ಬೇಸಿಗೆಯಲ್ಲಿ ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಸಾಕು. ಹೆಬ್ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಜಿಡ್ಡಿನ ಹೊಳಪು ಹತ್ತಬಾರದು. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಐಸ್ ನೀರಿನಲ್ಲಿ ಹಿಸುಕಿ ಮಜ್ಜಿಗೆ ಪೂರ್ತಿ ಹೋಗುವಂತೆ ತೊಳೆದು, ನೀರು ಹಿಂಡಿ ತೆಗೆಯಿರಿ.

ಮನೆಯಲ್ಲಿ ತೆಗೆದ ಕಾಯಿಹಾಲು ಪಾತ್ರೆಯಲ್ಲಿ ನಿಂತರೆ ಕೆನೆ ಮೇಲೆ, ನೀರು ಕೆಳಗೆ. ಅಳೆಯುವ ಮೊದಲು ಕದಡಿ. ಬೇಕಾಗಿರುವುದು ಮೊದಲ ಹಾಲು ಮಾತ್ರ: ಒಂದು ದೊಡ್ಡ ಕಾಯಿಗೆ 150 ಮಿ.ಲೀ. ಬಿಸಿನೀರಿಗಿಂತ ಹೆಚ್ಚು ಹಾಕಿ ರುಬ್ಬಬೇಡಿ. ಹಿಟ್ಟಿಗೆ ಮೈದಾ ಮೂರು ಸಲ, ಹಾಲು ಎರಡು ಸಲ, ಮೈದಾದಿಂದ ಶುರು, ಮೈದಾದಿಂದಲೇ ಮುಗಿಸಿ. ಮೂರು ಟಿನ್‌ಗೂ ತೂಗಿ ಸುರಿಯಿರಿ. ಒಟಿಜಿಯನ್ನು 15 ನಿಮಿಷ ಮೊದಲೇ ಕಾಯಿಸಿ, ಜಾಲರಿ ನಡುವಿನ ಸಾಲಿನಲ್ಲಿ, ಮೇಲೆ ಕೆಳಗೆ ಎರಡೂ ಕಾಯಿಲ್ (ಬಿಸಿಯಾಗುವ ಸರಳು) ಹಚ್ಚಿರಲಿ. ಮೂರೂ ಒಟ್ಟಿಗೆ ಹಿಡಿಯದಿದ್ದರೆ ಉಳಿದ ಟಿನ್ ಫ್ರಿಜ್ಜಿನಲ್ಲಿರಲಿ. ಸೆಖೆಯಲ್ಲಿ ಹೊರಗಿಟ್ಟರೆ ಬೇಕಿಂಗ್ ಪೌಡರ್ ಅಲ್ಲೇ ಕೆಲಸ ಮುಗಿಸಿಬಿಡುತ್ತದೆ.

ಸಿಹಿಖಾರ_ಅಂಕೋಲಾ

ಕೇಕಿನ ವಿಷಯ ಮೇಲಿನವರು ಹೇಳಿಯಾಗಿದೆ, ನಾನು ಕ್ರೀಮಿನದ್ದು ಹೇಳುತ್ತೇನೆ. ಯಾವ ಕ್ರೀಮ್ ಎಂದು ನೀವು ಬರೆದಿಲ್ಲ. ಚಿಕ್ಕ ಪೊಟ್ಟಣದ ಫ್ರೆಶ್ ಕ್ರೀಮ್ ಆಗಿದ್ದರೆ ಅದರಲ್ಲಿ ಕೊಬ್ಬು ನೂರಕ್ಕೆ ಸುಮಾರು 25 ಪಾಲು ಮಾತ್ರ, ಎಷ್ಟು ಬಡಿದರೂ ಗಟ್ಟಿ ನಿಲ್ಲುವುದಿಲ್ಲ. ನಿಲ್ಲಬೇಕಾದರೆ 35ರ ಮೇಲೆ ಬೇಕು.

ನಮ್ಮ ಹವೆಗೆ ಬೇಯಿಸಿದ ಮೈದಾದ ಬೆಣ್ಣೆ ಕ್ರೀಮೇ ಒಳ್ಳೆಯದು. ಮೈದಾ 40 ಗ್ರಾಂ, ಸಕ್ಕರೆ 200 ಗ್ರಾಂ, ಕಾಯಿಹಾಲು 250 ಮಿ.ಲೀ. ಗಂಟಿಲ್ಲದಂತೆ ಕಲಸಿ, ಪಾಯಸದ ಹದ ದಾಟಿ ಗಟ್ಟಿ ಗಂಜಿಯಾಗುವವರೆಗೆ ಬೇಯಿಸಿ. ಸೌಟು ಎಳೆದರೆ ಗೆರೆ ಕೂಡಬಾರದು. ಮೇಲೆ ಕೆನೆ ಕಟ್ಟದಂತೆ ಪ್ಲಾಸ್ಟಿಕ್ ಹಾಳೆಯನ್ನು ತಾಗಿಸಿಯೇ ಮುಚ್ಚಿ, ಪೂರ್ತಿ ತಣ್ಣಗಾಗಲಿ. ಉಪ್ಪಿಲ್ಲದ ಬೆಣ್ಣೆ 225 ಗ್ರಾಂ ಐದು ನಿಮಿಷ ಬೀಟ್ ಮಾಡಿ, ಈ ಗಂಜಿಯನ್ನು ಚಮಚ ಚಮಚವಾಗಿ ಸೇರಿಸಿ. ಗಂಜಿ ಉಗುರುಬೆಚ್ಚಗಿದ್ದರೂ ಬೆಣ್ಣೆ ಕರಗಿ ಸಾರಾಗುತ್ತದೆ. ಹಾಗಾದರೆ ಚೆಲ್ಲಬೇಡಿ, ಪಾತ್ರೆ ಸಮೇತ 15 ನಿಮಿಷ ಫ್ರಿಜ್ಜಿನಲ್ಲಿಟ್ಟು ಮತ್ತೆ ಬೀಟ್ ಮಾಡಿ. ಒಡೆದ ಹಾಲಿನ ಹಾಗೆ ಕಂಡರೆ ತಣ್ಣಗೆ ಹೆಚ್ಚಾಗಿದೆ ಎಂದರ್ಥ, ಬಡಿಯುತ್ತಾ ಹೋದರೆ ಕೂಡಿಕೊಳ್ಳುತ್ತದೆ.

ಪದರ ಸರಿಯುವುದಕ್ಕೆ ಕಾರಣ ಬೇರೆ. ಉಬ್ಬಿದ ತಲೆಯನ್ನು ಕತ್ತರಿಸದೆ ಒಂದರ ಮೇಲೊಂದು ಇಟ್ಟರೆ ಜಾರಿಯೇ ಜಾರುತ್ತದೆ. ಕೇಕ್ ಆರಿದ ಮೇಲೆ ಸುತ್ತಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಮಾರನೆಯ ದಿನ ಗರಗಸದ ಹಲ್ಲಿನ ಚಾಕುವಿನಿಂದ ಸಮ ಮಾಡಿ. ನಡುವೆ ಹಸಿ ತುರಿ ಹಾಗೇ ಉದುರಿಸಬೇಡಿ, ಅದೂ ನೀರು ಬಿಡುತ್ತದೆ, ಒಂದೇ ದಿನದಲ್ಲಿ ಹಳಸುತ್ತದೆ. ತುರಿ 200 ಗ್ರಾಂ, ಸಕ್ಕರೆ 120, ಕಾಯಿಹಾಲು 100 ಮಿ.ಲೀ.; ಹೂರಣದ ಹಾಗೆ ತಳ ಬಿಡುವವರೆಗೆ ಕಾಸಿ, ಎರಡು ಏಲಕ್ಕಿ. ಪದರದ ಅಂಚಿಗೆ ಮೊದಲು ಕ್ರೀಮಿನ ಕಟ್ಟೆ ಕಟ್ಟಿ, ಹೂರಣವನ್ನು ಅದರೊಳಗೆ ತೆಳ್ಳಗೆ ಹರಡಿ. ಮೂರೂ ಪದರ ಏರಿಸಿ ಅರ್ಧ ತಾಸು ಫ್ರಿಜ್ಜಿನಲ್ಲಿ ಗಟ್ಟಿಯಾದ ಮೇಲೆಯೇ ಹೊರಗಿನ ಕ್ರೀಮ್.

ಮಲೆನಾಡ_ಒಲೆ_ಶಿರಸಿ

ಮೊಟ್ಟೆ ತಿನ್ನದ ಮನೆಯವರು ಇದನ್ನು ಓದುತ್ತಿದ್ದರೆ: ಎರಡು ಪದರಕ್ಕೆ ಮೈದಾ 250 ಗ್ರಾಂ, ಸಕ್ಕರೆ 200, ಗಟ್ಟಿ ಮೊಸರು 200, ಕಾಯಿಹಾಲು 100 ಮಿ.ಲೀ., ವಾಸನೆ ಇಲ್ಲದ ಎಣ್ಣೆ 120 ಮಿ.ಲೀ., ಬೇಕಿಂಗ್ ಪೌಡರ್ ಒಂದೂವರೆ ಚಹಾ ಚಮಚ, ಸೋಡಾ ಅರ್ಧ, ಬಾಡಿಸಿದ ತುರಿ 50 ಗ್ರಾಂ. ಮೊಸರಿನ ಹುಳಿಗೆ ಸೋಡಾ ಬೇಕು. ಬರೀ ಕಾಯಿಹಾಲಿನಲ್ಲಿ ಅಷ್ಟು ಹುಳಿ ಇಲ್ಲ, ಅಲ್ಲಿ ಸೋಡಾ ಹಾಕಿದರೆ ಸೋಪಿನ ರುಚಿ ಉಳಿಯುತ್ತದೆ. ಮೊಸರು ಸೇರಿದ ಮೇಲೆ ತಡಮಾಡದೆ ಓವನ್‌ಗೆ ಹೋಗಬೇಕು. ಮೊಟ್ಟೆಯ ಹಿಡಿತ ಇಲ್ಲದ್ದರಿಂದ ಪದರ ಬೇಗ ಪುಡಿಯಾಗುತ್ತದೆ, ಮೂರನೆಯದನ್ನು ಏರಿಸದಿರುವುದೇ ಲೇಸು.

ಹೂರಣಕ್ಕೆ ಸಕ್ಕರೆಯ ಬದಲು ಜೋನಿಬೆಲ್ಲ (ನೀರಾದ ಬೆಲ್ಲ) ಹಾಕಿದರೆ ಪರಿಮಳವೇ ಬೇರೆ. ಅದರಲ್ಲಿ ನೀರಿದೆ, ಹಾಗಾಗಿ ಕಾಯಿಹಾಲು ಬಿಟ್ಟುಬಿಡಿ, ತುಸು ಹೆಚ್ಚು ಹೊತ್ತು ಕಾಸಿ.

ಕಡಲತಡಿ_ಕಾರವಾರ

ತುಂಬಾ ಉಪಕಾರವಾಯಿತು. ಕ್ರೀಮ್ ಆ ಚಿಕ್ಕ ಪೊಟ್ಟಣದ್ದೇ. ಎರಡು ಪ್ರಶ್ನೆ ಉಳಿಯಿತು: ಮಳೆಗಾಲದಲ್ಲಿ ನಡುವೆ ಕರೆಂಟ್ ಹೋದರೆ? ಬಡಿಸುವ ಮೊದಲು ಎಷ್ಟು ಹೊತ್ತು ಹೊರಗಿಡಬೇಕು?

ಕುಮಟಾ_ಓವನ್

ಕರೆಂಟ್ ಹೋದರೆ ಬಾಗಿಲು ತೆರೆಯಬೇಡಿ. ಕೇಕ್ ಒಳಗಿಟ್ಟು 20 ನಿಮಿಷ ದಾಟಿದ್ದರೆ ಒಳಗಿನ ಕಾವಿನಲ್ಲೇ ಬಹುಪಾಲು ಬೆಂದುಬಿಡುತ್ತದೆ, ಬಂದ ಮೇಲೆ ಐದಾರು ನಿಮಿಷ ಕೊಟ್ಟು ಕಡ್ಡಿ ಚುಚ್ಚಿ. ಹತ್ತು ನಿಮಿಷದೊಳಗೆ ಹೋಗಿ ಬೇಗ ಬಾರದಿದ್ದರೆ ನಡು ಕುಸಿಯುತ್ತದೆ, ಅದನ್ನು ಪದರಕ್ಕೆ ಬಳಸಬೇಡಿ.

ಕಾಯಿಯ ಕೊಬ್ಬು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಫ್ರಿಜ್ಜಿನಿಂದ ತೆಗೆದ ಕೂಡಲೇ ತಿಂದರೆ ಕೇಕ್ ಒರಟು. ಅರ್ಧ ತಾಸು ಹೊರಗಿಟ್ಟು ಕತ್ತರಿಸಿ. ಎರಡು ತಾಸು ಮೀರಬೇಡಿ, ಉಳಿದದ್ದು ಮುಚ್ಚಿ ಫ್ರಿಜ್ಜಿಗೆ.